ಮಳೆಗಾಲಕ್ಕೆ ಮುಂಚೆ ಮಕ್ಕಳ ಕೈಗೊಂದು ಡಿಜಿಟಲ್ ಕಾಮಿಕ್ಸ್: ನೆರೆ, ಧರೆ ಕುಸಿತ, ಸಿಡಿಲು, ಕಾಂಡ್ಲಾ ಇವನ್ನೆಲ್ಲ ಹೇಗೆ ಬರೆಯುವುದು?

#1 ಹೊಳೆಸಾಲು

ಅಂಕೋಲಾ–ಕಾರವಾರ ಕಡೆಯ 4ರಿಂದ 7ನೇ ತರಗತಿ ಮಕ್ಕಳಿಗೆ ಒಂದು ಡಿಜಿಟಲ್ ಕಾಮಿಕ್ಸ್ ಮಾಡುವುದಿದೆ. ಜೂನ್ ಮೊದಲ ವಾರದೊಳಗೆ ಸಿದ್ಧವಾಗಬೇಕು. ಶಾಲೆಯ ಸ್ಮಾರ್ಟ್ ಟಿವಿ, ಪಾಲಕರ ವಾಟ್ಸಾಪ್ ಗುಂಪು, ಪಂಚಾಯ್ತಿಯ ಅರಿವು ಕೇಂದ್ರದ (ಗ್ರಂಥಾಲಯದ) ಕಂಪ್ಯೂಟರ್, ಈ ಮೂರೂ ಕಡೆ ಓದಲು ಬರಬೇಕು. ಈಗಿನ ಕರಡು 12 ಪುಟ. ವಿಷಯ: ನೆರೆ, ಗುಡ್ಡ ಕುಸಿತ, ಸಿಡಿಲು, ಚಂಡಮಾರುತ, ಸುನಾಮಿ, ಭೂಕಂಪ, ಬೆಂಕಿ, ಪ್ಲಾಸ್ಟಿಕ್, ಕಾಂಡ್ಲಾ (ಮ್ಯಾಂಗ್ರೋವ್) ಕಾಡು.

ಕೇಳಬೇಕಾದ್ದು ಇಷ್ಟು. 12 ಪುಟದಲ್ಲಿ ಇದೆಲ್ಲ ಹಿಡಿಸುತ್ತದೆಯೇ? ಪುಟದ ಅಳತೆ ಎಷ್ಟಿಡಬೇಕು? ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳೇ ಹೆಚ್ಚಿರುವ ಶಾಲೆಗೆ ಎಂಥ ಕನ್ನಡ ಬಳಸಬೇಕು? ದಯವಿಟ್ಟು ಅಂಕಿ-ಅಳತೆ ಸಮೇತ ಹೇಳಿ. "ಆಕರ್ಷಕವಾಗಿರಲಿ" ಎಂಬ ಸಲಹೆ ಬೇಕಾದಷ್ಟು ಬಂದಾಗಿದೆ.

#2 ಕಾನುಮನೆ

ಒಂಬತ್ತು ವಿಷಯಕ್ಕೆ 12 ಪುಟ ಅಂದರೆ ಚಿತ್ರ ಹಚ್ಚಿದ ಸುತ್ತೋಲೆ ಆಗುತ್ತದೆ ಮಾರಾಯ್ರೆ. ಒಂದು ಕಾಮಿಕ್ಸಿಗೆ ಒಂದೇ ಅಪಾಯ ಇರಲಿ. ಎಂಟು ಪುಟ, ಪುಟಕ್ಕೆ ಎರಡು ಚೌಕ, ಒಟ್ಟು 16 ಚೌಕ. ಮೂರು ಬೇರೆ ಬೇರೆ ಪುಸ್ತಿಕೆ ಮಾಡಿ, ಬೇಕಾದರೆ ಪಾತ್ರಗಳು ಅವೇ ಇರಲಿ.

ಬೆರೆಸಬಾರದು ಅನ್ನುವುದಕ್ಕೆ ಗಟ್ಟಿ ಕಾರಣ ಇದೆ. ಭೂಕಂಪದ ಚಿತ್ರಕಥೆಗಳಲ್ಲಿ "ಮೇಜಿನ ಕೆಳಗೆ ಕೂತು ಅದರ ಕಾಲು ಹಿಡಿದುಕೋ" ಅಂತ ಇರುತ್ತದೆ. ಭೂಕಂಪಕ್ಕೆ ಅದು ಸರಿ. ಆದರೆ ಮನೆ ಹಿಂದಿನ ಧರೆ (ಕಡಿದಾದ ಮಣ್ಣಿನ ದಿಬ್ಬ) ಬಿರುಕು ಬಿಟ್ಟಾಗ ಮೇಜಿನ ಕೆಳಗೆ ಕೂತರೆ ಮಣ್ಣಿನಡಿ ಕೂತ ಹಾಗೆಯೇ. ಅಲ್ಲಿ ಮಾಡಬೇಕಾದ್ದು ಮನೆ ಬಿಟ್ಟು ಪಕ್ಕಕ್ಕೆ, ಇಳಿಜಾರಿನ ಹಾದಿ ತಪ್ಪಿಸಿ ಹೋಗುವುದು. ನೆರೆಗೆ ಎತ್ತರಕ್ಕೆ ಹೋಗಬೇಕು. ಧರೆ ಕುಸಿತಕ್ಕೆ ಆ "ಎತ್ತರ"ವೇ ಅಪಾಯದ ಜಾಗ ಆಗಬಹುದು. ಒಂದೇ ಪುಸ್ತಿಕೆಯಲ್ಲಿ ಮೂರು ಉತ್ತರ ತುಂಬಿದರೆ ಮಗು ಯಾವುದೋ ಒಂದನ್ನು ನೆನಪಿಟ್ಟುಕೊಳ್ಳುತ್ತದೆ, ಅದು ತಪ್ಪು ಉತ್ತರವೂ ಇರಬಹುದು.

16 ಚೌಕ ಹಂಚುವುದು ಹೀಗೆ: ಮೊದಲ ನಾಲ್ಕರಲ್ಲಿ ಊರು ಮತ್ತು ಸೂಚನೆ, ಮುಂದಿನ ಎರಡರಲ್ಲಿ "ಹೋಗೋದಾ ಬೇಡವಾ" ಎಂಬ ಗೊಂದಲ, ಐದು ಚೌಕ ಹೊರಡುವುದಕ್ಕೆ ಮತ್ತು ದಾರಿಗೆ, ಮೂರು ಕಾಯುವುದಕ್ಕೆ, ಎರಡು ವಾಪಸಾಗುವುದಕ್ಕೆ. ಹೆಚ್ಚಿನವರು ನೀರು ನುಗ್ಗುವುದನ್ನೇ ಇಡೀ ಪುಟ ಬಿಡಿಸಿ ಗೊಂದಲದ ಗಳಿಗೆಯನ್ನು ಒಂದು ಮೂಲೆಗೆ ತಳ್ಳುತ್ತಾರೆ. ಅಜ್ಜ "ಇಷ್ಟು ವರ್ಷ ಬಂದ ನೀರು ಮೆಟ್ಟಿಲು ದಾಟ್ಲಿಲ್ಲ" ಅನ್ನುವುದು, ಮೊಮ್ಮಗಳು ಅದಕ್ಕೆ ಏನು ಹೇಳಬೇಕು ಅನ್ನುವುದು, ಕಥೆಯ ಜೀವ ಇರುವುದು ಅಲ್ಲಿ. ಒಂದು ಪುಟ ಪೂರ್ತಿ ಅದಕ್ಕೇ ಕೊಡಿ.

#3 ಭರತ_ಇಳಿತ

#2 ಹೇಳಿದ್ದಕ್ಕೆ ಸೇರಿಸುವುದು: ಅಪಾಯ ಒಂದೇ ಆದರೂ ಹೊಳೆ ಬೇರೆ ಆದರೆ ಕಥೆ ಬೇರೆ.

ಕಾಳಿ ಹೊಳೆಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿವೆ, ಕದ್ರಾ ಎಲ್ಲಕ್ಕಿಂತ ಕೆಳಗಿನದು. 2019ರ ಆಗಸ್ಟ್‌ನಲ್ಲಿ ಕದ್ರಾದಿಂದ ನೀರು ಬಿಟ್ಟಾಗ ಕೆಳದಂಡೆಯ ಊರುಗಳಿಗೆ ನೀರು ನುಗ್ಗಿತು. ಇಲ್ಲಿನ ಮಗುವಿಗೆ ಕಲಿಸಬೇಕಾದ್ದು ಸೈರನ್ ಅಂದರೇನು, ಗೇಟು ತೆಗೆಯುವ ಸೂಚನೆ ಯಾರಿಂದ ಬರುತ್ತದೆ, ಬಂದ ಮೇಲೆ ದನ ಬಿಚ್ಚಲು ಹೊಳೆ ಬದಿಗೆ ಹೋಗಬಾರದು ಎನ್ನುವುದು.

ಗಂಗಾವಳಿಗೆ ದೊಡ್ಡ ಅಣೆಕಟ್ಟಿಲ್ಲ, ಅಘನಾಶಿನಿಗೂ ಇಲ್ಲ. ಅಲ್ಲಿ ಸೈರನ್ ಕಾಯುವ ಮಗು ಕಾಯುತ್ತಲೇ ಇರುತ್ತದೆ. ಗಂಗಾವಳಿಯ ನೀರು ಧಾರವಾಡ, ಕಲಘಟಗಿ, ಯಲ್ಲಾಪುರದ ಮಳೆಯಿಂದ ಬರುತ್ತದೆ. ಅಂಕೋಲೆಯಲ್ಲಿ ಬಿಸಿಲಿದ್ದರೂ ನೆರೆ ಬರಬಹುದು. ಆದ್ದರಿಂದ ಗಂಗಾವಳಿ ಪ್ರತಿಯಲ್ಲಿ ಸೈರನ್ ಚೌಕದ ಜಾಗಕ್ಕೆ ಬೇರೆ ಸೂಚನೆ ಹಾಕಿ. ನೀರಿನ ಬಣ್ಣ ಕೆಂಪಾಗುವುದು, ಮರದ ದಿಮ್ಮಿ ತೇಲಿ ಬರುವುದು, ದಂಡೆಯ ಕಂಬಕ್ಕೆ ಬಳಿದ ಗುರುತು ಒಂದು ಗಂಟೆಯಲ್ಲಿ ಮುಳುಗುವುದು.

ಎರಡಕ್ಕೂ ಸೇರಿದ ಒಂದು ಚೌಕ: ಭರತದ ಹೊತ್ತು, ಅಂದರೆ ಸಮುದ್ರದ ನೀರು ಏರುವ ಹೊತ್ತು. ಹೊಳೆ ತುಂಬಿದ ಹೊತ್ತಿಗೇ ಸಮುದ್ರದಲ್ಲಿ ಭರತ ಇದ್ದರೆ ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ನೀರು ಹೊರಹೋಗದೆ ಹಿಂದಕ್ಕೆ ಒತ್ತುತ್ತದೆ. ಕಾರವಾರದ ಕಡೆ ಅಮಾವಾಸ್ಯೆ-ಹುಣ್ಣಿಮೆಯ ಭರತ-ಇಳಿತದ ಅಂತರ ಸುಮಾರು 2 ಮೀಟರ್. ಮೀನುಗಾರರ ಮಕ್ಕಳಿಗೆ ಇದು ಮೊದಲೇ ಗೊತ್ತಿರುತ್ತದೆ, ಆದ್ದರಿಂದ ಈ ಮಾತನ್ನು ಮಾಸ್ತರ ಬಾಯಲ್ಲಿ ಹಾಕಬೇಡಿ, ಆ ಮಗುವಿನ ಬಾಯಲ್ಲೇ ಹಾಕಿ.

ನೀರಿನ ಆಳದ ಚಿತ್ರದಲ್ಲಿ ಎಲ್ಲರೂ ತಪ್ಪುತ್ತಾರೆ. ಸೊಂಟದವರೆಗೆ ನೀರಿದ್ದರೆ ಅಪಾಯ, ಪಾದ ಮುಳುಗಿದರೆ ಆಟ ಅನ್ನುವ ಹಾಗೆ ಬಿಡಿಸುತ್ತಾರೆ. ವೇಗವಾಗಿ ಹರಿಯುವ 15 ಸೆಂ.ಮೀ. ನೀರು ದೊಡ್ಡವರನ್ನೇ ಕೆಡವಬಲ್ಲದು, 30 ಸೆಂ.ಮೀ. ಸಣ್ಣ ಕಾರನ್ನು ಸರಿಸುತ್ತದೆ, 60 ಸೆಂ.ಮೀ. ಹೆಚ್ಚಿನ ವಾಹನಗಳನ್ನು ಒಯ್ಯುತ್ತದೆ. 15 ಸೆಂ.ಮೀ. ಅಂದರೆ ಮಗುವಿನ ಕೈಲಿರುವ ಸಣ್ಣ ಸ್ಕೇಲು. ಆ ಸ್ಕೇಲನ್ನೇ ನೀರಿನಲ್ಲಿ ನಿಲ್ಲಿಸಿ ಬಿಡಿಸಿ, ಅಂಕಿ ಬರೆಯುವುದೇ ಬೇಡ.

#4 ಹೊಳೆಸಾಲು

ಧನ್ಯವಾದ ಇಬ್ಬರಿಗೂ. ಹಾಗಾದರೆ ಮೂರು ಪುಸ್ತಿಕೆ: ನೆರೆ, ಧರೆ ಕುಸಿತ, ಸಿಡಿಲು. ಚಂಡಮಾರುತ, ಸುನಾಮಿ ಸದ್ಯಕ್ಕೆ ಹೊರಗೆ. ಧರೆ ಕುಸಿತದ ಪುಸ್ತಿಕೆಗೆ ಶಿರೂರಿನ ಘಟನೆಯನ್ನೇ ಕಥೆ ಮಾಡಬಹುದೇ?

#5 ಭರತ_ಇಳಿತ

ಬೇಡ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತದ್ದು ಸುತ್ತಲಿನ ಮಕ್ಕಳಿಗೆ ಪಾಠವಾಗುವ ಮುಂಚೆ ನೋವು. ಆ ಕುಟುಂಬಗಳ ಮಕ್ಕಳು ಅದೇ ತರಗತಿಯಲ್ಲಿ ಕೂತಿರಬಹುದು. ಹೆಸರಿಲ್ಲದ ಊರು, ಹೆಸರಿಲ್ಲದ ಹೆದ್ದಾರಿ ಮಾಡಿ. ಕಾರಣಗಳನ್ನು ಮಾತ್ರ ಅಲ್ಲಿಂದ ತೆಗೆದುಕೊಳ್ಳಿ. ಗುಡ್ಡದಿಂದ ಬಂದ ಮಣ್ಣು ಹೆದ್ದಾರಿ ದಾಟಿ ಗಂಗಾವಳಿಗೆ ಬಿತ್ತು, ಆ ರಭಸಕ್ಕೆ ಎದ್ದ ನೀರು ಎದುರು ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಅಂದರೆ ಗುಡ್ಡದ ಕೆಳಗೆ ಇಲ್ಲದವರಿಗೂ ಅಪಾಯ ಇತ್ತು. ಇದನ್ನು ಮಕ್ಕಳು ತಾವಾಗಿ ಊಹಿಸುವುದಿಲ್ಲ, ಒಂದು ಚೌಕ ಇದಕ್ಕೆ ಬೇಕೇ ಬೇಕು.

ಜಿಲ್ಲೆಯಲ್ಲಿ ಇದು ಹೊಸತೂ ಅಲ್ಲ. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಕಡವಾಡ, 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ, 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿ. ಇದು ಶಿಕ್ಷಕರ ಟಿಪ್ಪಣಿಯಲ್ಲಿರಲಿ, ಕಥೆಯಲ್ಲಿ ಬೇಡ.

ಚಿತ್ರಕ್ಕೆ: ಗುಡ್ಡವನ್ನು ಹಲಸಿನ ಹಣ್ಣು ಸೀಳಿದ ಹಾಗೆ ಸೀಳಿ ತೋರಿಸಿ. ಮೇಲೆ ಕೆಂಪು ಕಲ್ಲು, ಅದರಡಿ ಮೆತ್ತನೆಯ ಶೇಡಿ ಮಣ್ಣು, ಅದರಡಿ ಬಂಡೆ. ಕೆಂಪು ಕಲ್ಲಿನ ಸಂದಿಯಿಂದ ಇಳಿದ ನೀರು ಶೇಡಿಯಲ್ಲಿ ನಿಲ್ಲುತ್ತದೆ, ಶೇಡಿ ನೆನೆದು ಬಲ ಕಳೆದುಕೊಳ್ಳುತ್ತದೆ, ಮೇಲಿನದು ಜಾರುತ್ತದೆ. ರಸ್ತೆಗೋ ಮನೆಗೋ ಬುಡವನ್ನು ನೆಟ್ಟಗೆ ಕಡಿದಿದ್ದರೆ ಜಾರುವುದನ್ನು ತಡೆಯುವ ಆಧಾರವೇ ಇರುವುದಿಲ್ಲ. ಗೋಡೆಗೆ ಶೇಡಿ ಬರೆಯುವ ಮನೆಯ ಮಕ್ಕಳಿಗೆ ಆ ಮಣ್ಣು ನೀರಲ್ಲಿ ಹೇಗೆ ಕರಗುತ್ತದೆ ಅಂತ ವಿವರಿಸಬೇಕಾಗಿಲ್ಲ.

ಸೂಚನೆಗಳು, ಚೌಕಕ್ಕೊಂದರಂತೆ: ಗುಡ್ಡದ ನೆತ್ತಿಯಲ್ಲಿ ಅಥವಾ ಅಂಗಳದಲ್ಲಿ ಹೊಸ ಬಿರುಕು, ವಾಲಿದ ಮರ, ವಾಲಿದ ವಿದ್ಯುತ್ ಕಂಬ, ತಿಳಿಯಾಗಿದ್ದ ಒರತೆಯಲ್ಲಿ ಕೆಸರು ನೀರು, ಅಥವಾ ಎಂದೂ ಇಲ್ಲದ ಜಾಗದಲ್ಲಿ ಒರತೆ, ಬಾಗಿಲು ಇದ್ದಕ್ಕಿದ್ದಂತೆ ಸಿಕ್ಕಿಹಾಕಿಕೊಳ್ಳುವುದು, ಸಣ್ಣ ಕಲ್ಲು ಉದುರುತ್ತಲೇ ಇರುವುದು. ಎಲ್ಲವೂ ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲೇ ಕಾಣುವಂಥವು.

#6 ಅಕ್ಷರಮೊಳೆ

ಅಳತೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಹೇಳುತ್ತೇನೆ. ಪುಟ ಬಿಡಿಸಬೇಡಿ, ಚೌಕ ಬಿಡಿಸಿ. ಪ್ರತಿ ಚೌಕ 2000 × 1280 ಪಿಕ್ಸೆಲ್, ಎಲ್ಲವೂ ಒಂದೇ ಅಳತೆ. ಆಮೇಲೆ ಮೂರು ಕಡೆಗೆ ಜೋಡಿಸಿಕೊಳ್ಳಬಹುದು.

ಮೊಬೈಲಿಗೆ ಎರಡು ಚೌಕ ಮೇಲೆ-ಕೆಳಗೆ, ಚೌಕದ ಅಗಲ 1040ಕ್ಕೆ ಇಳಿಸಿ, ಸುತ್ತ ಮತ್ತು ನಡುವೆ 20 ಪಿಕ್ಸೆಲ್ ಬಿಟ್ಟರೆ ಪುಟ 1080 × 1392 ಆಗುತ್ತದೆ. ಟಿವಿಗೆ ಒಂದು ಚೌಕಕ್ಕೆ ಒಂದು ಚಿತ್ರ, 1920 × 1080ರಲ್ಲಿ ಎರಡು ಬದಿ ಸ್ವಲ್ಪ ಕಪ್ಪು ಪಟ್ಟಿ ಉಳಿಯುತ್ತದೆ, ಪರವಾಗಿಲ್ಲ. ಮುದ್ರಣಕ್ಕೆ ಎ4 ಹಾಳೆಯಲ್ಲಿ 10 ಮಿ.ಮೀ. ಅಂಚು ಬಿಟ್ಟು ಎರಡು ಚೌಕ. ಇಂಚಿಗೆ ಸುಮಾರು 267 ಚುಕ್ಕಿ ಸಿಗುತ್ತದೆ, ಸಾಕು.

ವೆಬ್‌ಟೂನ್ ಥರ ಉದ್ದ ಪಟ್ಟಿ ಮಾಡುವ ಆಸೆ ಬಿಡಿ. ವಾಟ್ಸಾಪ್ ಮಾಮೂಲಿ ಗುಣಮಟ್ಟದಲ್ಲಿ ಚಿತ್ರದ ಉದ್ದ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಕುಗ್ಗಿಸುತ್ತದೆ. 800 × 8000ರ ಪಟ್ಟಿ ಕಳಿಸಿದರೆ ಆಚೆ ಕಡೆ 160 ಪಿಕ್ಸೆಲ್ ಅಗಲದ ದಾರ ಸಿಗುತ್ತದೆ. 1392 ಎತ್ತರದ ಪುಟಕ್ಕೆ ಈ ತೊಂದರೆ ಇಲ್ಲ. ಜೆಪೆಗ್ ಗುಣಮಟ್ಟ 80ರಲ್ಲಿ ಎಂಟೂ ಪುಟ ಸೇರಿ 2–3 ಎಂಬಿಯೊಳಗೆ ಇರಿಸಿಕೊಳ್ಳಿ, ಪಿಡಿಎಫ್ ಆದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಅಕ್ಷರ 2000 ಅಗಲದ ಚೌಕದಲ್ಲಿ 90 ಪಿಕ್ಸೆಲ್‌ಗೆ ಕಡಿಮೆ ಇರಬಾರದು. ಮೊಬೈಲಿನಲ್ಲಿ ಅದು 3 ಮಿ.ಮೀ.ಗಿಂತ ಸ್ವಲ್ಪ ಕಡಿಮೆ. ಅಷ್ಟು ದೊಡ್ಡ ಅಕ್ಷರದಲ್ಲಿ ಒಂದು ಮಾತಿನ ಗುಳ್ಳೆಗೆ 10–12 ಪದ ಹಿಡಿಸುತ್ತದೆ, ಚೌಕಕ್ಕೆ ಎರಡು ಗುಳ್ಳೆ. ಹೆಚ್ಚು ಹೇಳುವುದಿದ್ದರೆ ಚೌಕ ಹೆಚ್ಚಿಸಿ, ಅಕ್ಷರ ಕುಗ್ಗಿಸಬೇಡಿ. ಸಾಲಿನ ಅಂತರ 1.4 ಇಡಿ. ಇಂಗ್ಲಿಷ್ ಲೆಕ್ಕದಲ್ಲಿ 1.1 ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ಕುಟ್ಟುತ್ತದೆ.

#7 ಹೊಳೆಸಾಲು

ತುಂಬ ಉಪಯೋಗ ಆಯ್ತು. ಫೋಟೋಶಾಪಿನಲ್ಲಿ ಒತ್ತಕ್ಷರ ಬಿಚ್ಚಿಕೊಂಡು ಪಕ್ಕಕ್ಕೆ ಕೂರುತ್ತಿದೆ, ನುಡಿ ತಂತ್ರಾಂಶದಲ್ಲಿ ಬರೆದದ್ದು ಮೊಬೈಲಿನಲ್ಲಿ ಗೀಚು ಗೀಚಾಗಿ ಕಾಣುತ್ತಿದೆ. ಎರಡಕ್ಕೂ ಒಂದೇ ಕಾರಣವೇ?

#8 ಅಕ್ಷರಮೊಳೆ

ಬೇರೆ ಬೇರೆ ಕಾರಣ. ಫೋಟೋಶಾಪಿನ ಟೈಪ್ ಆಯ್ಕೆಯಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಜೋಡಣೆಯನ್ನು (ಈಗಿನ ಆವೃತ್ತಿಗಳಲ್ಲಿ ವರ್ಲ್ಡ್-ರೆಡಿ ಲೇಔಟ್) ಆರಿಸಿಕೊಳ್ಳಬೇಕು, ಇಲ್ಲದಿದ್ದರೆ "ರಕ್ಷಣೆ" "ರಕ್‌ಷಣೆ" ಆಗುತ್ತದೆ. ನುಡಿಯ ಹಳೆಯ ಫಾಂಟುಗಳು ಯೂನಿಕೋಡ್ ಅಲ್ಲ. ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ನೋಟೊ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಹಾಕಿ. ಎರಡೂ ಮುಕ್ತ ಪರವಾನಗಿಯವು, ಹಂಚಲು ಅಡ್ಡಿಯಿಲ್ಲ. ಬಾಲೂ ದುಂಡಗೆ ದಪ್ಪಗಿದೆ, ಗುಳ್ಳೆಗೆ ಹೊಂದುತ್ತದೆ. ಉದ್ದ ಪಠ್ಯಕ್ಕೆ ಮಾತ್ರ ಬೇಡ, ಕಣ್ಣಿಗೆ ಭಾರ.

ಖರ್ಚಿಲ್ಲದೆ ಮಾಡುವುದಾದರೆ ಕ್ರಿಟಾದಲ್ಲಿ ಚಿತ್ರ, ಇಂಕ್‌ಸ್ಕೇಪಿನಲ್ಲಿ ಅಕ್ಷರ. ಎರಡನ್ನೂ ಬೇರೆ ಬೇರೆ ಕಡತವಾಗಿಡಿ. ಗಂಗಾವಳಿ ಪ್ರತಿ, ಕಾಳಿ ಪ್ರತಿ, ಮುಂದೆ ಕೊಂಕಣಿ ಪ್ರತಿ ಅಂತ ಮಾತು ಬದಲಿಸುವಾಗ ಚಿತ್ರ ಮುಟ್ಟಬೇಕಾಗುವುದಿಲ್ಲ.

ಇನ್ನೊಂದು ಸಣ್ಣ ಕಿರಿಕಿರಿ: "ಡ್ಯಾಮ್‌ನಿಂದ" ಅಂತ ಹೊಡೆದದ್ದು "ಡ್ಯಾಮ್ನಿಂದ" ಆಗಿ ಕೂಡಿಕೊಂಡಿದ್ದರೆ ನಡುವೆ ಶೂನ್ಯ ಅಗಲದ ಬಿಡಿಸುವ ಚಿಹ್ನೆ ಬಿಟ್ಟುಹೋಗಿದೆ ಅಂತ ಅರ್ಥ. ಅದಕ್ಕಿಂತ "ಅಣೆಕಟ್ಟೆಯಿಂದ" ಅಂತ ಬರೆದರೆ ಎರಡೂ ಸಮಸ್ಯೆ ಮುಗಿಯಿತು.

#9 ನಲಿಕಲಿ_ಅಕ್ಕೋರು

ಭಾಷೆಯ ಬಗ್ಗೆ. "ಭೂಕುಸಿತ" "ಪ್ರವಾಹ" ಮಕ್ಕಳ ಮಾತಲ್ಲ. "ಧರೆ ಬಿತ್ತು", "ಗುಡ್ಡ ಜರಿಯಿತು", "ಹೊಳೆಗೆ ನೆರೆ ಬಂತು", ಇವೇ ಇರಲಿ. ಆದರೆ ಟಿವಿಯಲ್ಲಿ, ತಹಶೀಲ್ದಾರರ ಸೂಚನೆಯಲ್ಲಿ ಬರುವುದು ಆ ದೊಡ್ಡ ಪದಗಳೇ. ಆದ್ದರಿಂದ ನಾಲ್ಕನ್ನು ಮಾತ್ರ ಆರಿಸಿ ಕಥೆಯೊಳಗೇ ಪರಿಚಯ ಮಾಡಿಸಿ: ಭೂಕುಸಿತ, ಪ್ರವಾಹ, ಸ್ಥಳಾಂತರ, ಕಾಳಜಿ ಕೇಂದ್ರ. ಕಾಳಜಿ ಕೇಂದ್ರ ಅಂದರೆ ಏನೆಂದು ಗೊತ್ತಿಲ್ಲದ ಮಗುವಿಗೆ ಅದು ಆಸ್ಪತ್ರೆಯಂತೆ ಕೇಳುತ್ತದೆ, ಹೆದರುತ್ತದೆ. ಒಂದು ಚೌಕದಲ್ಲಿ ಅದೇ ಶಾಲೆಯ ಕೋಣೆ, ಚಾಪೆ, ಅನ್ನದ ಪಾತ್ರೆ ತೋರಿಸಿದರೆ ಮುಗಿಯಿತು.

ಕಾರವಾರ ಕಡೆ ಪಾತ್ರಗಳ ಕರೆಯುವ ಮಾತು ಕೊಂಕಣಿಯಲ್ಲೇ ಇರಲಿ, ಉಳಿದದ್ದು ಸರಳ ಕನ್ನಡ. ಶಿರಸಿ ಪ್ರತಿಯಾದರೆ "ತಮಾ", "ಕೂಸೇ" ಸಾಕು. ಪೂರ್ತಿ ಹವಿಗನ್ನಡದಲ್ಲಿ (ಹವ್ಯಕರ ಮನೆಮಾತಿನಲ್ಲಿ) ಬರೆದರೆ ಬೇರೆ ಮನೆಯ ಮಕ್ಕಳು ಹೊರಗುಳಿಯುತ್ತಾರೆ.

ನಿರೂಪಣೆಯ ಚೌಕವನ್ನು ಭಾಗವತರು ಅಂದುಕೊಳ್ಳಿ, ಮಾತಿನ ಗುಳ್ಳೆಯನ್ನು ವೇಷಧಾರಿ. ಭಾಗವತರೇ ಹಾಡುತ್ತ ಹೋದರೆ ವೇಷ ಸುಮ್ಮನೆ ನಿಂತಿರಬೇಕಾಗುತ್ತದೆ. ನಿರೂಪಣೆ ಇಡೀ ಪುಸ್ತಿಕೆಯಲ್ಲಿ ಐದಾರು ಕಡೆ, ಅದೂ "ಮರುದಿನ", "ರಾತ್ರಿ ಎರಡು ಗಂಟೆ" ಇಷ್ಟೇ.

ಕರಡು ಪರೀಕ್ಷಿಸುವ ಕ್ರಮ: ಎಲ್ಲ ಮಾತನ್ನೂ ತೆಗೆದ ಪ್ರತಿಯನ್ನು ಮೂರ್ನಾಲ್ಕು ಮಕ್ಕಳಿಗೆ ಒಬ್ಬೊಬ್ಬರಾಗಿ ಕೊಡಿ, "ಏನಾಗ್ತಾ ಇದೆ ಹೇಳು" ಅನ್ನಿ. ತಪ್ಪು ಹೇಳಿದ ಚೌಕಗಳನ್ನು ಗುರುತು ಹಾಕಿ, ಅವನ್ನು ಮತ್ತೆ ಬಿಡಿಸಿ. ಎರಡನೆಯದು, ಚೌಕಗಳನ್ನು ಕತ್ತರಿಸಿ ಕಲಸಿ ಕೊಡಿ, ಜೋಡಿಸಲಿ. ಸೂಚನೆ ಮೊದಲೋ ಹೊರಡುವುದು ಮೊದಲೋ ಎಂಬಲ್ಲಿ ಎಡವಿದರೆ ಕಥೆಯ ಕೊಂಡಿ ಸಡಿಲ ಇದೆ. ಮೂರನೆಯದನ್ನು ಹತ್ತು ದಿನ ಬಿಟ್ಟು ಮಾಡಿ. ಪುಸ್ತಿಕೆ ಕೊಡದೆ ಒಂದೇ ಪ್ರಶ್ನೆ ಕೇಳಿ: "ರಾತ್ರಿ ನೀರು ಅಂಗಳಕ್ಕೆ ಬಂತು, ಮೊದಲು ಏನು ಮಾಡ್ತೀ?" "ಚಿತ್ರ ಚಂದ ಇತ್ತಾ" ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಆ ಉತ್ತರದಿಂದ ಏನೂ ತಿಳಿಯುವುದಿಲ್ಲ.

ಹೆದರಿಕೆ: ಕೊಚ್ಚಿಹೋಗುವ ಜನ, ಅಳುವ ತಾಯಿಯ ಮುಖ ಹತ್ತಿರದಿಂದ, ಸತ್ತ ದನ, ಇವು ಬೇಡ. ಅಪಾಯದ ಚೌಕ ಬಂದ ಮೇಲೆ ಅದೇ ಪುಟದಲ್ಲಿ ಮಾಡುವ ಕೆಲಸದ ಚೌಕ ಬರಬೇಕು. ಪುಟ ತಿರುಗಿಸುವವರೆಗೆ ಮಗು ಭಯದಲ್ಲಿ ಉಳಿಯಬಾರದು.

#10 ಮಳೆಮಾಪಕ

ಕರಡಿನಲ್ಲಿ "ಹಳದಿ ಅಂದರೆ ಸ್ವಲ್ಪ ಮಳೆ, ಕಿತ್ತಳೆ ಅಂದರೆ ಜೋರು ಮಳೆ, ಕೆಂಪು ಅಂದರೆ ಶಾಲೆಗೆ ರಜೆ" ಅಂತ ಇದ್ದರೆ ದಯವಿಟ್ಟು ತೆಗೆಯಿರಿ. (ಇಲ್ಲದಿದ್ದರೆ ಕ್ಷಮಿಸಿ, ಹೆಚ್ಚಿನ ಪೋಸ್ಟರ್‌ಗಳಲ್ಲಿ ಇದೇ ಇರುತ್ತದೆ.) ಹವಾಮಾನ ಇಲಾಖೆಯ ಬಣ್ಣ ಬರೀ ಮಳೆಯ ಪ್ರಮಾಣ ಅಲ್ಲ. ಆಗುವ ಸಾಧ್ಯತೆ ಎಷ್ಟು, ಆದರೆ ಪರಿಣಾಮ ಎಷ್ಟು ಎಂದು ಎರಡನ್ನೂ ಸೇರಿಸಿ ಕೊಡುತ್ತಾರೆ. ಹಳದಿ: ಗಮನಿಸುತ್ತಿರಿ. ಕಿತ್ತಳೆ: ಸಿದ್ಧರಾಗಿ. ಕೆಂಪು: ಕ್ರಮ ಕೈಗೊಳ್ಳಿ. ರಜೆ ಕೊಡುವುದು ಜಿಲ್ಲಾಡಳಿತದ ಆದೇಶ, ಬಣ್ಣ ಬಂದ ಮಾತ್ರಕ್ಕೆ ರಜೆ ಇಲ್ಲ.

ಪ್ರಮಾಣದ ಪದಗಳು ಬೇರೆಯೇ ಇವೆ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಭಾರೀ, 115.6ರಿಂದ 204.4 ಅತಿ ಭಾರೀ, ಅದಕ್ಕೂ ಮೇಲೆ ಅತ್ಯಧಿಕ. ಈ ಅಂಕಿ ಮಕ್ಕಳ ತಲೆಗೆ ಹೋಗಬೇಕಾದರೆ ಪುಸ್ತಿಕೆಯ ಕೊನೆಗೆ ಬಾಟ್ಲಿ ಮಳೆಮಾಪಕ ಇಡಿ.

2 ಲೀಟರಿನ ತಂಪು ಪಾನೀಯದ ಬಾಟ್ಲಿ, ಮೇಲಿನ ಇಳಿಜಾರು ಭಾಗ ಕತ್ತರಿಸಿ ಬೋರಲು ಹಾಕಿದರೆ ಅದೇ ಆಲಿಕೆ. ಇಲ್ಲಿ ತಪ್ಪಾಗುವುದು ತಳದಲ್ಲಿ. ಬಾಟ್ಲಿಯ ತಳ ಐದು ಪಾದದ ಹೂವಿನ ಹಾಗಿರುತ್ತದೆ, ಅಲ್ಲಿಂದಲೇ ಸ್ಕೇಲು ಹಿಡಿದರೆ ಅಳತೆ ಸುಳ್ಳಾಗುತ್ತದೆ. ತಳಕ್ಕೆ ಸಣ್ಣ ಜಲ್ಲಿ ಹಾಕಿ, ಬದಿ ನೇರವಾಗುವ ಎತ್ತರದವರೆಗೆ ನೀರು ತುಂಬಿ ಅಲ್ಲಿ ಸೊನ್ನೆ ಗೆರೆ ಹಾಕಬೇಕು. ಬಾಯಿ ಮತ್ತು ಹೊಟ್ಟೆಯ ಅಗಲ ಒಂದೇ ಆದ್ದರಿಂದ ನೀರು 1 ಸೆಂ.ಮೀ. ಏರಿದರೆ 10 ಮಿ.ಮೀ. ಮಳೆ. ಮರ, ಮಾಡು, ಗೋಡೆಯಿಂದ ದೂರ ಇಡಿ, ಇಟ್ಟಿಗೆ ಆನಿಸಿ. ಬೆಳಿಗ್ಗೆ 8:30ಕ್ಕೆ ಓದಿ ಬರೆದು, ಸೊನ್ನೆ ಗೆರೆಗೆ ತಂದು ಮತ್ತೆ ಇಡಿ, ಹವಾಮಾನ ಇಲಾಖೆಯವರ ಓದೂ ಅದೇ ಹೊತ್ತಿಗೆ. ಬಾಟ್ಲಿಯಲ್ಲಿ ನೀರು ಹನ್ನೊಂದೂವರೆ ಸೆಂ.ಮೀ. ದಾಟಿದ ದಿನ "ಅತಿ ಭಾರೀ" ಅಂದರೇನೆಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ. ಬಾಟ್ಲಿ ಕತ್ತರಿಸುವುದು ಮಾತ್ರ ದೊಡ್ಡವರ ಕೆಲಸ, ಅದನ್ನು ಚಿತ್ರದಲ್ಲೇ ತೋರಿಸಿ.

#11 ಅಕ್ಷರಮೊಳೆ

ಬಣ್ಣದ ಮಾತು ಬಂದದ್ದಕ್ಕೆ: ಶಾಲೆಯ ಪ್ರಿಂಟರ್ ಕಪ್ಪು-ಬಿಳುಪು. ಕೆಂಪು, ಕಿತ್ತಳೆ ಎರಡೂ ಅಲ್ಲಿ ಒಂದೇ ಬೂದು. ಕೆಂಪು-ಹಸಿರು ಗುರುತಿಸಲಾಗದ ಮಕ್ಕಳೂ ಇರುತ್ತಾರೆ. ಪ್ರತಿ ಬಣ್ಣದ ಮೇಲೆ ಅದರ ಹೆಸರು ಬರೆಯಿರಿ, ಆಕಾರವನ್ನೂ ಬೇರೆ ಮಾಡಿ. ಕರಡನ್ನು ಒಮ್ಮೆ ಬೂದು ಬಣ್ಣಕ್ಕೆ ತಿರುಗಿಸಿ ನೋಡಿದರೆ ಎಲ್ಲ ಗೊತ್ತಾಗುತ್ತದೆ.

#12 ಗಜನಿಗದ್ದೆ

ಎಲ್ಲ ವಿಪತ್ತೇ ಆಯ್ತು, ಪರಿಸರ ಎಲ್ಲಿ? ಕಾಂಡ್ಲಾ ವಿಷಯ ಬಿಟ್ಟೇ ಬಿಟ್ರಾ?

#13 ಕಾನುಮನೆ

ಬಿಟ್ಟಿಲ್ಲ, ಒಳಗೆ ಹಾಕಬೇಕು. ಬೇರೆ ಪುಸ್ತಿಕೆ ಮಾಡಿದರೆ "ಗಿಡ ನೆಡಿ" ಅನ್ನುವ ಭಾಷಣ ಆಗುತ್ತದೆ, ಜೂನ್ 5ರ ಪರಿಸರ ದಿನದಂದು ಒಮ್ಮೆ ಓದಿ ಇಡುತ್ತಾರೆ. ನೆರೆಯ ಕಥೆಯ ಮೊದಲ ನಾಲ್ಕು ಚೌಕದಲ್ಲೇ ಕಾಂಡ್ಲಾ, ಗಜನಿ (ಅಳಿವೆ ಬದಿಯ ಉಪ್ಪು ನೀರಿನ ಗದ್ದೆ), ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಕೊಂಡ ಮೋರಿ ಎಲ್ಲ ಬರಲಿ. ಕಥೆ ಮುಂದೆ ಹೋದಾಗ ಯಾವುದರಿಂದ ಏನಾಯಿತು ಅಂತ ಕಾಣಬೇಕು.

ಆದರೆ ಅತಿ ಹೇಳಬೇಡಿ, ಪರಿಸರದ ಕಾಮಿಕ್ಸುಗಳು ಸುಳ್ಳಾಗುವುದು ಇಲ್ಲಿಯೇ. ಕಾಂಡ್ಲಾ ಅಲೆಯ ಹೊಡೆತ ತಗ್ಗಿಸುತ್ತದೆ, ಬೇರಿನಿಂದ ದಂಡೆಯ ಮಣ್ಣು ಹಿಡಿದಿಡುತ್ತದೆ, ಮೀನು-ಸಿಗಡಿ ಮರಿಗಳಿಗೆ ಮನೆ. ಹೊಳೆಯಲ್ಲಿ ಮೇಲಿಂದ ಬರುವ ನೆರೆಯನ್ನು ಅದು ನಿಲ್ಲಿಸುವುದಿಲ್ಲ. ಹಾಗೆಯೇ "ಗುಡ್ಡದ ಮೇಲೆ ಗಿಡ ನೆಟ್ಟರೆ ಕುಸಿಯುವುದಿಲ್ಲ" ಅನ್ನುವುದೂ ಅರ್ಧ ನಿಜ. ಬೇರು ಹಿಡಿಯುವುದು ಮೇಲಿನ ಒಂದೆರಡು ಮೀಟರ್ ಮಣ್ಣನ್ನು. #5ರಲ್ಲಿ ಹೇಳಿದ ಶೇಡಿ ಅದಕ್ಕಿಂತ ಆಳದಲ್ಲಿದ್ದರೆ ಮರ ಸಮೇತ ಜಾರುತ್ತದೆ. ಬುಡ ಕಡಿಯದಿರುವುದು, ನೆತ್ತಿಯಲ್ಲಿ ನೀರು ನಿಲ್ಲದಂತೆ ಕಾಲುವೆ ತಿರುಗಿಸುವುದು, ಇವೂ ಚಿತ್ರದಲ್ಲಿ ಬರಬೇಕು. ಕಾಡು ಉಳಿಸುವ ಮಾತಿಗೆ ಈ ಜಿಲ್ಲೆಯಲ್ಲಿ ಬೇರೆ ಊರಿನ ಉದಾಹರಣೆ ಹುಡುಕಬೇಕಿಲ್ಲ. 1983ರಲ್ಲಿ ಶಿರಸಿಯ ಸಾಲ್ಕಣಿ ಕಡೆ ಜನ ಮರ ಅಪ್ಪಿ ನಿಂತದ್ದೇ ಅಪ್ಪಿಕೋ ಚಳವಳಿ ಆಯಿತು.

ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಅಲ್ಲಿನ ಗಜನಿಯ ಕಗ್ಗ ಭತ್ತ ಉಪ್ಪು ನೀರು ತಡೆಯುತ್ತದೆ. ಗಜನಿಗದ್ದೆಯವರೇ, ಒಡ್ಡು ಒಡೆದರೆ ಏನಾಗುತ್ತದೆ ಅನ್ನುವ ಎರಡು ಚೌಕವನ್ನು ನೀವೇ ಬರೆದುಕೊಡಿ.

#14 ಗಜನಿಗದ್ದೆ

ಬರೆದರೆ ಒಡ್ಡಿನ ಬಾಗಿಲು ಹಲಗೆ ಸಮೇತ ಸರಿಯಾಗಿ ಬಿಡಿಸುವವರು ಬೇಕು. ಸಿನಿಮಾ ಕೋಟೆ ಬಾಗಿಲು ಬಿಡಿಸಿದರೆ ಊರವರು ನಗ್ತಾರೆ.

#15 ಭರತ_ಇಳಿತ

ಸಿಡಿಲಿನ ಪುಸ್ತಿಕೆಗೆ ಕೆಲವು ತಿದ್ದುಪಡಿ ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ಎಲ್ಲ ಕಡೆ ಅದೇ ತಪ್ಪು ನಕಲಾಗುತ್ತದೆ.

ಮೊಬೈಲ್ ಸಿಡಿಲನ್ನು ಎಳೆಯುವುದಿಲ್ಲ. ಚಾರ್ಜಿಗೆ ಹಾಕಿದ, ತಂತಿಗೆ ಸೇರಿದ ಫೋನು ಅಪಾಯ. ಮಿಂಚು ಕಂಡು ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 30 ಸೆಕೆಂಡಿನೊಳಗೆ ಗುಡುಗಿದರೆ ಒಳಗೆ ಹೋಗಬೇಕು, ಕೊನೆಯ ಗುಡುಗಿನ ನಂತರ 30 ನಿಮಿಷ ಒಳಗೇ ಇರಬೇಕು. ಮರದಡಿ, ಗದ್ದೆ ಕಾಯುವ ಮಾಳ, ಬಸ್ ನಿಲ್ದಾಣದ ತಗಡು ಮಾಡು ಇವು "ಒಳಗೆ" ಅಲ್ಲ. ಪಕ್ಕಾ ಮನೆ ಅಥವಾ ಕಿಟಕಿ ಮುಚ್ಚಿದ ಕಾರು, ಬಸ್ಸು "ಒಳಗೆ". ಅಡಕೆ ತೋಟದ ಚೌಕದಲ್ಲಿ ದೋಟಿ (ಕೊನೆ ಕೊಯ್ಯುವ ಉದ್ದ ಕೋಲು) ಕೆಳಗಿಡುವುದನ್ನು ತೋರಿಸಿ. ಅಲ್ಯೂಮಿನಿಯಂ ದೋಟಿ ಅಷ್ಟೇ ಅಲ್ಲ, ಕಾರ್ಬನ್ ಫೈಬರ್ ದೋಟಿಯೂ ವಿದ್ಯುತ್ ಹರಿಸುತ್ತದೆ. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬ ನಂಬಿಕೆಯೂ ಸುಳ್ಳು. ಅದನ್ನು ನಂಬಿ ಯಾರೂ ಹತ್ತಿರ ಹೋಗದೆ ಜೀವ ಹೋಗುತ್ತದೆ.

ಈ ಪುಸ್ತಿಕೆ ಮಾರ್ಚ್‌ನಲ್ಲೇ ಬರಬೇಕಿತ್ತು. ಸಿಡಿಲಿನ ಕಾಟ ಏಪ್ರಿಲ್-ಮೇ ಮತ್ತು ಅಕ್ಟೋಬರ್ ಸುತ್ತಮುತ್ತ, ಜಡಿಮಳೆಯ ಜುಲೈಯಲ್ಲಿ ಕಡಿಮೆ. ಜೂನ್‌ಗೆ ನೆರೆ ಮತ್ತು ಧರೆ ಎರಡನ್ನೇ ಮುಗಿಸಿ.

#16 ಹೊಳೆಸಾಲು

ಸರಿ, ಹಾಗೇ ಮಾಡ್ತೇವೆ. ಸಮಯ ಉಳಿಸಲು ಚಿತ್ರಗಳನ್ನು ಎಐಯಿಂದ ಮಾಡಿಸಬಹುದೇ?

#17 ಅಕ್ಷರಮೊಳೆ

ಹಿನ್ನೆಲೆಯ ಮೋಡ, ಮಳೆ ಅಷ್ಟಕ್ಕೆ ಪರವಾಗಿಲ್ಲ. ಉಳಿದದ್ದರಲ್ಲಿ ಪ್ರತಿ ಚೌಕದಲ್ಲೂ ಪಾತ್ರದ ಮುಖ ಬದಲಾಗುತ್ತದೆ, ಫಲಕದ ಮೇಲಿನ ಕನ್ನಡ ಕನ್ನಡವಾಗಿ ಉಳಿಯುವುದಿಲ್ಲ, ಪಶ್ಚಿಮ ಘಟ್ಟದ ಬದಲು ಪೈನ್ ಮರದ ಹಿಮಾಲಯ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಧರೆಯ ಬಿರುಕು ಎಲ್ಲಿ ಬೀಳುತ್ತದೆ ಅದಕ್ಕೆ ಗೊತ್ತಿಲ್ಲ, ನಾಟಕೀಯವಾಗಿ ಎಲ್ಲೋ ಹಾಕುತ್ತದೆ. ಸೂಚನೆಯ ಚೌಕಗಳನ್ನು ಕೈಯಲ್ಲೇ ಬಿಡಿಸಿ, ಕಡ್ಡಿ ಮನುಷ್ಯ ಆದರೂ ಸರಿ.

ಪರವಾನಗಿ ಮೊದಲೇ ನಿಗದಿ ಮಾಡಿ. ಕ್ರಿಯೇಟಿವ್ ಕಾಮನ್ಸ್ ಬಿವೈ ಹಾಕಿದರೆ ಹೊನ್ನಾವರದವರು ಶರಾವತಿಗೆ ತಕ್ಕ ಹಾಗೆ ತಿದ್ದಿಕೊಳ್ಳಬಹುದು. ಸರ್ಕಾರಿ ಲಾಂಛನ ಅನುಮತಿ ಇಲ್ಲದೆ ಹಾಕಬೇಡಿ.

#18 ನಲಿಕಲಿ_ಅಕ್ಕೋರು

ಕೊನೆಯ ಪುಟದ ಬಗ್ಗೆ ಯಾರೂ ಮಾತಾಡಲಿಲ್ಲ. ವಾಪಸಾಗುವುದನ್ನು ಒಂದೇ ಚೌಕದಲ್ಲಿ ಮುಗಿಸಿ ಎಂಟನೇ ಪುಟದ ಕೆಳಗಿನ ಚೌಕ ಖಾಲಿ ಬಿಡಿ. ಅಲ್ಲಿ ಮಗು ತನ್ನ ಮನೆಯ ನಕ್ಷೆ ಬಿಡಿಸಬೇಕು: ಮನೆ, ಹೊಳೆ ಅಥವಾ ಧರೆ, ಹೋಗಬೇಕಾದ ಜಾಗ, ಎರಡು ದಾರಿ. ಎರಡು ಏಕೆಂದರೆ ಸಂಕ (ಕಾಲುಸೇತುವೆ) ಮುಳುಗಿದರೆ ಒಂದು ದಾರಿ ಇಲ್ಲವಾಗುತ್ತದೆ. ಕಾಲ್ನಡಿಗೆಯಲ್ಲಿ ಎಷ್ಟು ನಿಮಿಷ ಅಂತ ನಡೆದು ನೋಡಿ ಬರೆಯಬೇಕು, ಅಂದಾಜು ಬೇಡ. ಅಜ್ಜಿ, ಪುಟ್ಟ ತಂಗಿ ಜತೆಗೆ ನಡೆದರೆ ಎಷ್ಟು ಅನ್ನುವುದು ಇನ್ನೂ ಒಳ್ಳೆಯ ಪ್ರಶ್ನೆ. ಬದಿಯಲ್ಲಿ 112 ಮತ್ತು ಜಿಲ್ಲಾ ವಿಪತ್ತು ಸಹಾಯವಾಣಿ 1077 ಅಚ್ಚಾಗಿರಲಿ, ಕೆಳಗೆ ಎರಡು ಖಾಲಿ ಗೆರೆ: ಹೊರ ಊರಿನ ಒಬ್ಬ ನೆಂಟರ ನಂಬರು, ವಾರ್ಡಿನ ಪಂಚಾಯ್ತಿ ಸದಸ್ಯರದು.

ಈ ಪುಟ ಮಾತ್ರ ಕಾಗದದಲ್ಲೇ ಇರಬೇಕು. ಗಾಳಿ-ಮಳೆಗೆ ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಮುಗಿದ ಮೇಲೆ ನೆಟ್‌ವರ್ಕೂ ಇಲ್ಲ. ಬೇಕಾದ ಹೊತ್ತಿಗೆ ಡಿಜಿಟಲ್ ಕಾಮಿಕ್ಸ್ ತೆರೆಯುವುದೇ ಇಲ್ಲ. ತುಂಬಿದ ಪುಟವನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿ ಬಾಗಿಲ ಹಿಂದೆ ಅಂಟಿಸಲಿ. ಶನಿವಾರದ ಅವಧಿಯಲ್ಲಿ ಅದೇ ನಕ್ಷೆ ಹಿಡಿದು ಒಮ್ಮೆ ನಡೆಯಲಿ. ಪಾಲಕರು ಸಹಿ ಹಾಕುವ ಜಾಗ ಇಟ್ಟರೆ ಮನೆಯಲ್ಲಿ ಅಜ್ಜನ ಜತೆ ಆ ಮಾತು ತಾನಾಗಿ ನಡೆಯುತ್ತದೆ.

#19 ಕಾನುಮನೆ

ಅಕ್ಕೋರೇ, ಅಜ್ಜ ಸಹಿ ಹಾಕಲು ಒಪ್ಪದಿದ್ದರೆ?

#20 ನಲಿಕಲಿ_ಅಕ್ಕೋರು

ಹಾಗಾದರೆ ನಕ್ಷೆಯಲ್ಲಿ ಹಳೆಯ ನೆರೆ ಎಲ್ಲಿವರೆಗೆ ಬಂದಿತ್ತು ಅಂತ ಅವರಿಂದಲೇ ಗೆರೆ ಹಾಕಿಸಿ. ಅದು ಅವರಿಗೆ ಮಾತ್ರ ಗೊತ್ತಿರುವುದು. ಗೆರೆ ಹಾಕಿದ ಮೇಲೆ ಸಹಿ ಕಷ್ಟ ಅಲ್ಲ.

#21 ಹೊಳೆಸಾಲು

ನೆರೆ ಪುಸ್ತಿಕೆಯ ಮೊದಲ ಹತ್ತು ಚೌಕ ಆಗಿದೆ. ಟಿವಿಗೆ ಪೆನ್‌ಡ್ರೈವ್ ಹಾಕಿ ನೋಡಿದರೆ 1ರ ನಂತರ 10ನೇ ಚೌಕ ಬರುತ್ತಿದೆ, ಆಮೇಲೆ 2. ಮನೆ ಮುಳುಗುವ ಮುಂಚೆಯೇ ಎಲ್ಲರೂ ಕಾಳಜಿ ಕೇಂದ್ರದಲ್ಲಿ ಊಟ ಮಾಡ್ತಾ ಇದ್ದಾರೆ.

#22 ಅಕ್ಷರಮೊಳೆ

ಕಡತದ ಹೆಸರು 01, 02, 03 ಅಂತ ಇಡಿ. ಪೆನ್‌ಡ್ರೈವಿನಲ್ಲಿ ಬೇರೆ ಫೋಟೋ ಇದ್ದರೆ ಅವನ್ನೂ ತೆಗೆಯಿರಿ, ನಡುವೆ ಯಾರದ್ದೋ ಮದುವೆ ಬಂದೀತು.